ಜೀಪಿನ ಹಿಂದಿನ ಬಂಪರ್ರು, ನನ್ನ ಮೆಣಸಿನ ದುಡ್ಡು

ಮೊನ್ನೆ ನಾದಿನಿ ಮಗಳು ಬಂದಿದ್ಲು. ಅಂಗಳದಲ್ಲಿ ನಿಂತ ಜೀಪಿನ ಹಿಂದುಗಡೆ ನೋಡಿ, "ಅತ್ತೇ, ಇದೇನು ಹೊಸದು? ಎಲ್ಲಿ ತಗೊಂಡ್ರಿ?" ಅಂತ ಕೇಳಿದ್ಲು. "ತಗೊಂಡಿದ್ದಲ್ಲ ಕಣೆ, ಹೊಲಿಸಿದ್ದು" ಅಂದೆ. ಅವಳು ನಕ್ಕಳು. ಆದರೆ ನಾನು ಹೇಳಿದ್ದು ಸುಳ್ಳಲ್ಲ. ರವಿಕೆ ಕತ್ತರಿಸೋ ಹಂಗೇ ರಟ್ಟಿನಲ್ಲಿ ಅಳತೆ ತೆಗೆದು ಮಾಡಿಸಿದ ಬಂಪರ್ ಅದು. ಒಲೆ ಮುಂದೆ ಇರೋಳಿಗೆ ಬಂಪರ್ ವಿಚಾರ ಯಾಕೆ ಅಂತ ನಿಮಗೂ ಅನ್ನಿಸಬಹುದು. ಅದಕ್ಕೇ ಬರೀತಿದ್ದೀನಿ.

ನಮ್ಮ ಮನೆ ಇರೋದು ಕಡಗರವಳ್ಳಿಯಿಂದ ಎಡಕುಮೇರಿ ಕಡೆಗೆ ಇಳಿಯೋ ಕಾಡಿನ ಅಂಚಲ್ಲಿ. ಎಡಕುಮೇರಿ ಅಂದ್ರೆ ಬೆಂಗಳೂರಿನೋರಿಗೆ ರೈಲು, ಸುರಂಗ, ಜಲಪಾತದ ಫೋಟೋ. ನಮಗೆ ಅದು ಮನೆ ಕೆಳಗಿನ ಸದ್ದು. ರಾತ್ರಿ ಗೂಡ್ಸ್ ಗಾಡಿ ಘಾಟಿ ಹತ್ತುವಾಗ ಹಿಂದುಗಡೆಯಿಂದ ತಳ್ಳೋ ಇಂಜಿನ್ನು ಏದುಸಿರು ಬಿಡೋದು ಅಡುಗೆಮನೆವರೆಗೂ ಕೇಳ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ. ಐವತ್ತು ಅಡಿ ಹೋದ್ರೆ ಒಂದಡಿ ಏರು. ರೈಲಿಗೆ ಅಷ್ಟು ಏರೇ ಬಹಳ ಅಂತೆ. ನಮ್ಮ ಮನೆ ದಾರಿ ನೋಡಿದ್ರೆ ಆ ಇಂಜಿನ್ನು ಏನನ್ನುತ್ತೋ.

ಮನೆಯಿಂದ ಟಾರು ರಸ್ತೆಗೆ ಸುಮಾರು ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಒಂದು ಕಡಿದಾದ ಏರು. ಮಳೆಗಾಲದಲ್ಲಿ ಆ ಏರು ಸೋಪು ಹಚ್ಚಿದಂಗೆ ಇರ್ತದೆ. ನಮ್ಮತ್ರ ಇರೋದು 1991ರ ಮಹೀಂದ್ರ ಜೀಪು, ಎಂಎಂ 540. ಮಾವ ತಂದಿದ್ದು. ಈ ಕಡೆ ತೋಟದ ಮನೆಗಳಲ್ಲಿ ಇಂಥ ಜೀಪು ಇಲ್ಲದ ಮನೆ ಕಡಿಮೆ. ಗೊಬ್ಬರ, ಕಾಫಿ ಮೂಟೆ, ಆಳು, ಶಾಲೆ ಮಕ್ಕಳು, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ. ಪೇಟೆಯೋರು ಅದನ್ನ ಆಟಕ್ಕೆ ಇಟ್ಕೊಂಡಿರ್ತಾರೆ, ಅದಕ್ಕೆ ಆಫ್ ರೋಡ್ ಅಂತಾರೆ. ನಮಗೆ ಆನ್ ರೋಡೇ ಇಲ್ಲ.

2024ರ ಜುಲೈ ನಿಮಗೂ ನೆನಪಿರಬೇಕು. 26ನೇ ತಾರೀಕು ಎಡಕುಮೇರಿ, ಕಡಗರವಳ್ಳಿ ಮಧ್ಯ ರೈಲು ಹಳಿ ಕೆಳಗಿನ ಮಣ್ಣೇ ಜರಿದು ಹೋಯ್ತು. ಹೆಚ್ಚುಕಡಿಮೆ ಎರಡು ವಾರ ರೈಲಿಲ್ಲ. ಆ ಸದ್ದಿಲ್ಲದ ರಾತ್ರಿಗಳಲ್ಲಿ ನಿದ್ದೆನೇ ಸರಿ ಬರ್ತಿರಲಿಲ್ಲ ಅಂದ್ರೆ ನಂಬ್ತೀರಾ? ಅದೇ ತಿಂಗಳು ಶಿರಾಡಿ ಘಾಟಿ ರಸ್ತೆನೂ ದೊಡ್ಡತಪ್ಪಲೆ ಹತ್ರ ಕುಸಿದಿತ್ತು. ಪುಷ್ಯ ಮಳೆ ಬಿಡದೆ ಹುಯ್ತಿತ್ತು.

ರೈಲು ನಿಂತ ನಾಲ್ಕನೇ ದಿನ ರಾತ್ರಿ ನಮ್ಮ ಅತ್ತೆಗೆ ಉಸಿರು ಕಟ್ಟೋಕೆ ಶುರುವಾಯ್ತು. ಮಲಗಿದ್ರೆ ಆಗ್ತಿಲ್ಲ, ಕೂತ್ರೂ ಆಗ್ತಿಲ್ಲ. ಮಗ ಊರಿಗೆ ಬಂದಿದ್ದ, ಅದೊಂದು ಪುಣ್ಯ. ಅವನೂ ಅವರಪ್ಪನೂ ಸೇರಿ ಅತ್ತೆನ ಜೀಪಿನ ಹಿಂದಿನಿಂದ ಎತ್ತಿ ಒಳಗೆ ಕೂರಿಸಿದ್ರು. ಹಳ್ಳ ದಾಟಿದ್ವಿ. ಏರು ಅರ್ಧ ಹತ್ತಿ ಜೀಪು ಹಿಂದಕ್ಕೆ ಜಾರಿ, ಒಂದು ಕಡೆ ಚಕ್ರ ಚರಂಡಿಗೆ ಇಳೀತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೊರಗೆ ಕತ್ತಲು. ನಮ್ಮ ಕಡೆ ಕಾಡಲ್ಲಿ ರಾತ್ರಿ ಗಾಡಿ ನಿಂತ್ರೆ ಮಳೆಗಿಂತ ಆನೆ ಭಯ ಹೆಚ್ಚು. ದಸರಾ ಅಂಬಾರಿ ಹೊತ್ತ ಅರ್ಜುನ ಹಿಂದಿನ ವರ್ಷ ಡಿಸೆಂಬರಿನಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತಿದ್ದು ನಮ್ಮ ಯಸಳೂರು ವಲಯದಲ್ಲೇ. ಅಂಥಾ ಆನೆಗೇ ಹಂಗಾದ್ರೆ ನಮ್ಮದೇನು.

ಮಗ ಓಡಿ ಹೋಗಿ ಪಕ್ಕದ ತೋಟದ ಹುಡುಗನ್ನ ಎಬ್ಬಿಸಿ ಟ್ರ್ಯಾಕ್ಟರ್ ತಂದ. ಮನೆ ಕಡೆಯಿಂದ ಬಂದಿದ್ದರಿಂದ ಹಿಂದುಗಡೆಯಿಂದಲೇ ಎಳೀಬೇಕು. ಟ್ರ್ಯಾಕ್ಟರ್ ತಿರುಗಿಸಿ ನಿಲ್ಲಿಸಿ, ನೈಲಾನ್ ಹಗ್ಗ ತಗೊಂಡು ಒಂದು ತುದಿ ಅದಕ್ಕೆ, ಇನ್ನೊಂದು ತುದಿ ನಮ್ಮ ಜೀಪಿನ ಹಿಂದಿನ ಹುಕ್ಕಿಗೆ ಕಟ್ಟಿದ್ರು. ಟಾರ್ಚ್ ಹಿಡಿದೋಳು ನಾನು. ಟ್ರ್ಯಾಕ್ಟರ್ ಗುರ್ ಅಂತು, ಹಗ್ಗ ಬಿಗೀತು, ಇನ್ನೂ ಬಿಗೀತು, ಸಣ್ಣಗಾಯ್ತು. ಆಮೇಲೆ ಪಟ್ ಅಂತ ಒಂದು ಸದ್ದು. ಹಗ್ಗ ತುಂಡಾಯ್ತು ಅಂದ್ಕೊಂಡೆ. ಹಗ್ಗಕ್ಕೇನೂ ಆಗಿರಲಿಲ್ಲ. ಜೀಪಿಗೆ ಬೆಸೆದಿದ್ದ ಹುಕ್ಕೇ ಕಿತ್ತು ಹೋಗಿ, ಕವಣೆ ಕಲ್ಲಿನಂಗೆ ಹಾರಿ ಟ್ರ್ಯಾಕ್ಟರ್ ಮಡ್‌ಗಾರ್ಡಿಗೆ ಬಡಿದಿತ್ತು. ಹುಡುಗ ನಮಗೆ ಬೆನ್ನು ಹಾಕಿ ಕೂತಿದ್ದ. ಅವನ ಸೊಂಟಕ್ಕೂ ಆ ನೆಗ್ಗಿಗೂ ಒಂದು ಗೇಣು.

ಯಾರೂ ಮಾತಾಡಲಿಲ್ಲ. ಆ ಹುಡುಗ ಇಳಿದು ಬಂದು ನೆಗ್ಗು ಮುಟ್ಟಿ ನೋಡಿ, "ಅಕ್ಕ, ಟಾರ್ಚು ಒಸಿ ಈ ಕಡೆ ಬಿಡಿ" ಅಂದ ಅಷ್ಟೆ. ಆಮೇಲೆ ಹಗ್ಗನ ಚಾಸಿಗೆ, ಬ್ಲೇಡ್ ಸೆಟ್ಟು ಕೂರೋ ಕೊಂಡಿಗಳ ಹತ್ರ ಎರಡೂ ಕಡೆ ಸುತ್ತಿ ಕಟ್ಟಿ ನಿಧಾನಕ್ಕೆ ಎಳೆದ್ರು. ಜೀಪು ಗಟ್ಟಿ ನೆಲಕ್ಕೆ ಬಂತು. ಚಕ್ರಕ್ಕೆ ಕಲ್ಲು ಕೊಟ್ಟು, ಲೋ ಗೇರಲ್ಲಿ ಹತ್ತಿಸಿದ್ರು. ಸಕಲೇಶಪುರ ಮುಟ್ಟುವಾಗ ರಾತ್ರಿ ಒಂದೂವರೆ. ಅಲ್ಲಿಂದ ಹಾಸನಕ್ಕೆ ಕಳಿಸಿದ್ರು. ಎದೇಲಿ ನೀರು ತುಂಬಿತ್ತು ಅಂದ್ರು. ಐದು ದಿನ ಇದ್ದು ಅತ್ತೆ ಮನೆಗೆ ಬಂದ್ರು. ದೇವರು ದೊಡ್ಡವನು.

ಈಗ ನಾನು ಇಷ್ಟು ದಿನ ಯಾರಿಗೂ ಹೇಳದ ವಿಷಯ ಹೇಳ್ತೀನಿ. ಆ ಹುಕ್ಕು ಹಾಕಿಸಿದ್ದು 2016ರಲ್ಲಿ, ಜೀಪಿನ ರಿಜಿಸ್ಟ್ರೇಷನ್ ನವೀಕರಣಕ್ಕೆ ಮುಂಚೆ. ಹಳೇ ಹುಕ್ಕು ಮುರಿದಿತ್ತು. ನಮ್ಮನೆಯವ್ರು ವೆಲ್ಡಿಂಗ್ ಅಂಗಡಿಯಿಂದ ಫೋನ್ ಮಾಡಿ, "ಹಿಂದೆ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಬೇಕಂತೆ, ಸಾವಿರದಿನ್ನೂರು ಜಾಸ್ತಿ ಆಗ್ತದಂತೆ, ಏನ್ ಮಾಡ್ಲಿ?" ಅಂತ ಕೇಳಿದ್ರು. ಮನೆ ಖರ್ಚಿನ ಲೆಕ್ಕ ನನ್ನ ಕೈಲಿ. ಆ ತಿಂಗಳು ಮಗನ ಹಾಸ್ಟೆಲ್ ಫೀಸು ಬೇರೆ. "ವರ್ಷಕ್ಕೆ ಎರಡು ಸಲ ಎಳೆಯೋ ಹುಕ್ಕಿಗೆ ಅಷ್ಟೆಲ್ಲ ಯಾಕೆ, ಎರಡು ಟಾಕಾ ಹೊಡಿಸ್ಕೊಂಡು ಬನ್ನಿ" ಅಂದೋಳು ನಾನೇ. ಬೆಸುಗೆ ಹಾಕಿದವನ ತಪ್ಪಲ್ಲ. ಅವನು ಬೇಡ ಅಂತಲೇ ಹೇಳಿದ್ದ. ನಮ್ಮನೆಯವ್ರಿಗೆ ಆ ಫೋನು ನೆನಪಿಲ್ಲ, ಅಥವಾ ನೆನಪಿದ್ರೂ ಹೇಳಲಿಲ್ಲ. ಆಸ್ಪತ್ರೆ ಬೆಂಚಿನ ಮೇಲೆ ಕೂತು ಐದು ದಿನನೂ ನಾನು ಸಾವಿರದಿನ್ನೂರು, ಒಂದು ಗೇಣು ಅಂತ ಎಣಿಸ್ತಾ ಇದ್ದೆ.

ಆಸ್ಪತ್ರೇಲಿ ಉಸಿರು ಸರಿಯಾದ ಮೇಲೆ ಅತ್ತೆ ಆಡಿದ ಮೊದಲನೇ ದೊಡ್ಡ ಮಾತು ಹುಕ್ಕಿನದ್ದಲ್ಲ. "ನನ್ನ ಮೂಟೆ ಎತ್ತಿದಂಗೆ ಎತ್ತಾಕಿದ್ರಲ್ಲೇ" ಅಂದ್ರು. ಸೀರೆ ಮಂಡಿಗೆ ಬಂದಿತ್ತಂತೆ, ಪಕ್ಕದ ಹುಡುಗನೂ ನೋಡಿದ್ನಂತೆ. "ಹಿಂದ್ಗಡೆ ಒಂದು ಮೆಟ್ಲು ಇದ್ದಿದ್ರೆ ನಾನೇ ಹತ್ತಿರೋಳು." ಎಂಬತ್ತು ದಾಟಿದ ಹೆಂಗಸು. ಪ್ರಾಣ ಉಳೀತಲ್ಲ ಅನ್ನೋದಕ್ಕಿಂತ ಆ ಮಾತು ಅವರಿಗೆ ಮುಖ್ಯ ಆಗಿತ್ತು. ನನಗೆ ಅರ್ಥ ಆಯ್ತು.

ಹಂಗಾಗಿ ಎರಡು ಕೆಲಸ: ಕಿತ್ತು ಬರದ ಹುಕ್ಕು, ಅತ್ತೆಗೆ ಮೆಟ್ಟಿಲು. ಎರಡನ್ನೂ ಸೇರಿಸಿದ್ರೆ ಅದೇ ಹಿಂದಿನ ಬಂಪರ್.

ಮಳೆಗಾಲ ಮುಗಿದು, ಕಾಫಿ ಕುಯ್ಲು ಮುಗಿದು, ಮೆಣಸು ಕುಯ್ದು ಒಣಗಿಸೋ ಹೊತ್ತಿಗೆ ಮಾರ್ಚ್ ಬಂತು. ಮನೆ ಹಿಂದಿನ ಹಲಸು, ಸಿಲ್ವರ್ ಮರಕ್ಕೆ ಹಬ್ಬಿರೋ ಬಳ್ಳಿಗಳ ಮೆಣಸು ನನ್ನದು. ಮದುವೆಯಾಗಿ ಬಂದಾಗಿಂದ ಮಾವ ಮಾಡಿಟ್ಟ ಪದ್ಧತಿ. ಆ ದುಡ್ಡಲ್ಲಿ ಬಂಪರ್ ಮಾಡಿಸ್ತೀನಿ ಅಂದೆ. ನಮ್ಮನೆಯವ್ರು, "ನಿನ್ ದುಡ್ಡು ಯಾಕೆ?" ಅಂದ್ರು. "ನನ್ ದುಡ್ಡೇ ಆಗಬೇಕು" ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ.

ಮಗ ಫೋನಲ್ಲಿ ಚಿತ್ರ ಕಳಿಸ್ದ. ಥಾರ್ ಗಾಡಿಗೆ ಹಾಕೋ ರೆಡಿಮೇಡ್ ಬಂಪರ್‌ಗಳು. ಒಂದಕ್ಕೆ ಎರಡು ಲೈಟು, ಒಂದಕ್ಕೆ ಸ್ಟೆಪ್ನಿ ತಿರುಗೋ ಬಾಗಿಲು, ಒಂದಕ್ಕೆ ಡೀಸೆಲ್ ಕ್ಯಾನ್ ಇಡೋ ಗೂಡು. ಚೆಂದ ಇದ್ವು. ತೂಕ ಎಷ್ಟು ಅಂತ ಕೇಳ್ದೆ. ಐವತ್ತು, ಅರವತ್ತು ಕೆ.ಜಿ. ಅಂದ. ಕಾಫಿ ಒಂದು ಮೂಟೆ ಐವತ್ತು ಕೆ.ಜಿ. ಅಂದ್ರೆ ಹಗಲೂ ರಾತ್ರಿ ಒಂದು ಮೂಟೆ ಕಾಫಿನ ಜೀಪಿನ ಬಾಲಕ್ಕೆ ನೇತುಹಾಕ್ಕೊಂಡು ಓಡಾಡಿದಂಗೆ. ಅದೂ ಹಿಂದಿನ ಅಚ್ಚಿಗಿಂತ ಆಚೆಗೆ. ಬ್ಲೇಡ್ ಕೂರ್ತದೆ, ಮೂತಿ ಹಗುರ ಆಗ್ತದೆ, ಏರಲ್ಲಿ ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಇದು ನಮ್ಮನೆಯವ್ರು ಹೇಳಿದ್ದು. ಮೂಟೆ ಲೆಕ್ಕ ಮಾತ್ರ ನಂದು.

ಕಾನೂನಿನ ವಿಚಾರನೂ ಮಗನೇ ಓದಿ ಹೇಳ್ದ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಮಂತ್ರಾಲಯ ಗಾಡಿ ಮುಂದೆ ಹಾಕೋ ಕಬ್ಬಿಣದ ಗಾರ್ಡ್‌ಗಳನ್ನ ತೆಗೆಸಿ ಅಂತ ರಾಜ್ಯಗಳಿಗೆ ಬರೆದಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಕಂಪನಿ ಮಾಡಿಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಂತೆ. ಮುಂದಿನ ಗಾರ್ಡಿನ ವಿಷಯದಲ್ಲಿ ಆ ಮಾತು ನನಗೆ ಸರಿ ಅನ್ನಿಸ್ತದೆ. ನಡಕೊಂಡು ಹೋಗೋನಿಗೆ ಆ ಕಬ್ಬಿಣ ಬಡಿದ್ರೆ ಅವನು ಉಳಿಯಲ್ಲ. ಹೊಸ ಗಾಡಿಗಳಲ್ಲಿ ಏರ್‌ಬ್ಯಾಗ್ ಬಿಚ್ಚೋ ಲೆಕ್ಕಾನೂ ತಪ್ತದಂತೆ. ನಮ್ಮ ಜೀಪಿಗೆ ಏರ್‌ಬ್ಯಾಗ್ ಎಲ್ಲಿಂದ ಬರಬೇಕು! ಆದ್ರೂ ಹಿಂದೆ ಬೈಕಿನೋನು ಬಂದು ಗುದ್ದಬಹುದಲ್ಲ. ಹಂಗಾಗಿ ಮೊದಲೇ ಕೆಲವು ಮಾತು ಮಾಡ್ಕೊಂಡ್ವಿ. ಜೀಪಿನ ಮೈಗಿಂತ ಒಂದಿಂಚೂ ಆಚೆ ಬರಬಾರದು, ಮೂಲೆ ಚೂಪಿರಬಾರದು, ನಂಬರ್ ಪ್ಲೇಟು, ಲೈಟು, ಕೆಂಪು ರಿಫ್ಲೆಕ್ಟರು ಮುಚ್ಚಬಾರದು, ಮತ್ತೆ ಇಡೀ ಬಂಪರ್ರು ಬೋಲ್ಟಿನಲ್ಲೇ ನಿಲ್ಲಬೇಕು. 2026ಕ್ಕೆ ಮತ್ತೆ ರಿಜಿಸ್ಟ್ರೇಷನ್ ನವೀಕರಣ ಇದೆ. ತೆಗೀರಿ ಅಂದ್ರೆ ಸ್ಪ್ಯಾನರ್ ತಗೊಂಡು ತೆಗೆಯೋದು.

ಸಕಲೇಶಪುರದ ಒಬ್ಬ ಮೇಸ್ತ್ರಿ ಒಪ್ಕೊಂಡ್ರು. ವಯಸ್ಸಾದೋರು, ಮಾತು ಕಡಿಮೆ. ನಾನೂ ಬರ್ತೀನಿ ಅಂತ ಹೊರಟಿದ್ದು ನೋಡಿ ನಮ್ಮನೆಯವ್ರಿಗೆ ಸ್ವಲ್ಪ ಮುಜುಗರ. ಮೇಸ್ತ್ರಿ ಮಾತ್ರ ಒಂದು ಸ್ಟೂಲ್ ಒರೆಸಿ ಕೊಟ್ಟು, "ಕೂತ್ಕಳಿ ಅಕ್ಕೋರೇ, ಬೆಂಕಿ ಕಡೆ ನೋಡಬೇಡಿ" ಅಂದ್ರು.

ಮೊದಲ ದಿನ ಹಳೇದನ್ನ ಬಿಚ್ಚೋದೇ ಆಯ್ತು. ಮೂವತ್ತು ವರ್ಷದ ತುಕ್ಕು. ಡೀಸೆಲ್ ಸುರಿದು ನೆನೆಹಾಕಿದ್ರೂ ಎರಡು ಬೋಲ್ಟು ಜಗ್ಗಲಿಲ್ಲ, ಕತ್ತರಿಸಿದ್ರು. ಚಾಸಿಯ ಹಿಂದಿನ ಅಡ್ಡಪಟ್ಟಿ ಇದೆಯಲ್ಲ, ಅದರ ಒಳಗೆ ಮಣ್ಣು, ಗೊಬ್ಬರ, ಕಾಫಿ ಸಿಪ್ಪೆ ಗಟ್ಟಿಯಾಗಿ ತುಂಬ್ಕೊಂಡು ಗೊಜ್ಜವಲಕ್ಕಿ ತಳ ಹಿಡಿದಂಗೆ ಇತ್ತು. ಅದನ್ನ ಕೆರೆದು ತೆಗೆದು, ಮೇಸ್ತ್ರಿ ಸ್ಕ್ರೂಡ್ರೈವರ್ ತಗೊಂಡು ಪಟ್ಟಿಗೆ ಚುಚ್ಚಿದ್ರು. ಹಲಸಿನ ಹಣ್ಣಿಗೆ ಹೋದಂಗೆ ಸಲೀಸಾಗಿ ಒಳಗೆ ಹೋಯ್ತು.

"ನೋಡಿ ಅಕ್ಕೋರೇ," ಅಂದ್ರು. "ಹುಕ್ಕು ಕಿತ್ತು ಬಂದಿದ್ದು ಬರೀ ಟಾಕಾಯಿಂದಲ್ಲ. ಅದು ಹಿಡ್ಕೊಂಡಿದ್ದ ತಗಡೇ ಇಲ್ಲ. ಇದರ ಮೇಲೆ ಎಂಥಾ ಬಂಪರ್ ಹಾಕಿದ್ರೂ ಬಂಪರ್ ಸಮೇತ ಬರ್ತದೆ."

ನನಗೆ ಒಂದು ಕ್ಷಣ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ. ಬರೀ ನನ್ನ ಸಾವಿರದಿನ್ನೂರರ ತಪ್ಪಲ್ಲ ಅಂತ. ಆದರೆ 2016ರಲ್ಲಿ ಬೋಲ್ಟು, ಪ್ಲೇಟು ಹಾಕಿಸಿದ್ರೆ ಆ ಪಟ್ಟಿ ಬಿಚ್ಚಿ ನೋಡೋರು, ಅವತ್ತೇ ತುಕ್ಕು ಕಾಣೋದು. ಆ ಸಮಾಧಾನ ಮನೆ ಮುಟ್ಟೋವರೆಗೂ ಉಳೀಲಿಲ್ಲ.

ಖರ್ಚು ಜಾಸ್ತಿ ಆಯ್ತು. ಕೊಳೆತ ಪಟ್ಟಿ ಕತ್ತರಿಸಿ ಹೊಸದು ಕೂರಿಸಬೇಕು. ಬಂಪರಿನ ತೋಳುಗಳು ಬರೀ ಪಟ್ಟಿಗೆ ಅಂಟ್ಕೊಳ್ಳದೆ, ಚಾಸಿಯ ಎರಡು ಉದ್ದದ ತೊಲೆಗಳ ಪಕ್ಕೆಗೆ ಒಂದೂವರೆ ಅಡಿ ಮುಂದಕ್ಕೆ ಹೋಗಿ ಅಲ್ಲಿ ಬೋಲ್ಟ್ ಆಗಬೇಕು. ಇದನ್ನ ನಮ್ಮನೆಯವ್ರು ನನಗೆ ರೈಲಿನ ಲೆಕ್ಕದಲ್ಲಿ ವಿವರಿಸಿದ್ರು. ರೈಲು ಡಬ್ಬಿಯ ಕೊಂಡಿ ಇರೋದು ಡಬ್ಬಿಯ ತಗಡಿಗಲ್ಲ, ಕೆಳಗಿನ ಚೌಕಟ್ಟಿಗೆ. ತಗಡಿಗೆ ಹಾಕಿದ್ರೆ ಇಂಜಿನ್ ತಗಡು ಮಾತ್ರ ಎಳ್ಕೊಂಡು ಘಾಟಿ ಹತ್ತೋದು. ದಿನಾ ಅದರ ಸದ್ದು ಕೇಳೋಳಿಗೆ ಇದು ಬೇಗ ತಲೆಗೆ ಹೋಯ್ತು.

ತೂತು ಎಲ್ಲಿ ಹಾಕಬೇಕು ಅನ್ನೋದಕ್ಕೂ ಶಾಸ್ತ್ರ ಇದೆ. ಚಾಸಿ ತೊಲೆಯ ಮೇಲಿನ ಅಂಚು, ಕೆಳಗಿನ ಅಂಚು ಭಾರ ಹೊರೋ ಜಾಗ, ಅಲ್ಲಿ ತೂತು ಹೊಡೀಬಾರದು. ಪಕ್ಕೆಯ ಮಧ್ಯಕ್ಕೆ ಹೊಡೀಬೇಕು. ಒಳಗೆ ಪೊಳ್ಳು ಇರೋ ಕಡೆ ಬೋಲ್ಟ್ ಬಿಗಿ ಮಾಡಿದ್ರೆ ತೊಲೆ ಚಪ್ಪಟೆ ಆಗ್ತದೆ, ಅದಕ್ಕೆ ಒಳಗೆ ಒಂದು ತುಂಡು ಪೈಪು ತೂರಿಸಿ ಅದರ ಮೂಲಕ ಬೋಲ್ಟು. ತೊಲೆಗೆ ಅಡ್ಡಡ್ಡ ಬೆಸುಗೆ ಎಳೆದ್ರೆ ಕಾದು ಕಾದು ಆ ಗೆರೆಯಲ್ಲೇ ಬಿರುಕು ಬಿಡ್ತದೆ. ಬೋಲ್ಟಿನ ತಲೆ ಮೇಲೆ 8.8 ಅಂತ ಬರೆದಿರಬೇಕು, ಅದು ಗಟ್ಟಿ ಜಾತಿ. ನಾವು ಹಾಕಿದ್ದು 12 ಎಂ.ಎಂ. ದಪ್ಪದ್ದು, ಒಂದೊಂದು ಕಡೆ ನಾಲ್ಕು. ಅಂಗಡಿಯವನು ಕೊಟ್ಟ ಎಂಟರಲ್ಲಿ ಎರಡರ ತಲೆ ಬೋಳಾಗಿತ್ತು. ವಾಪಸ್ ಕೊಟ್ಟು ಬಂದೋಳು ನಾನು. ತರಕಾರಿ ಆರಿಸಿದ ಕೈ, ಸುಮ್ನೆ ಬಿಡ್ತದಾ?

ಇನ್ನು ಅಳತೆ. ಮೇಸ್ತ್ರಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚ್ತಿದ್ರು. ತೋಳಿನ ಪ್ಲೇಟು ಚಾಸಿಯ ಬಾಗಿಗೆ ಸರಿಯಾಗಿ ಕೂರಬೇಕು, ಕೆಳಗಿಂದ ಗೀಚಿ ಆಗಲ್ಲ. ನಾನು ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ತಗೊಂಡು ಹೋಗಿದ್ದೆ. ಚಾಸಿಗೆ ಒತ್ತಿ ಹಿಡಿದು, ಬಾಗು ಬಂದ ಕಡೆ ಪೆನ್ಸಿಲ್ ಗುರುತು ಹಾಕಿ, ಕತ್ತರಿಯಲ್ಲಿ ಕತ್ತರಿಸಿ, ಮತ್ತೆ ಹಿಡಿದು ನೋಡಿ. ಕಂಕುಳ ಕತ್ತರಿಸೋದೇ ಕಷ್ಟ ಅಂದ್ಕೊಂಡವಳಿಗೆ ಇದೇನು ಮಹಾ ಅಲ್ಲ. ಆ ರಟ್ಟನ್ನ 6 ಎಂ.ಎಂ. ಪ್ಲೇಟಿನ ಮೇಲಿಟ್ಟು ಅವರು ಗ್ಯಾಸ್ ಕಟ್ಟರಲ್ಲಿ ಕತ್ತರಿಸಿದ್ರು. ಮರುದಿನ ಹೋಗಿ ನೋಡ್ತೀನಿ, ತೋಳಿಗೆ ಬೆಸೆದ ಮಡಿಕೆ ಎರಡರಲ್ಲೂ ಒಂದೇ ಕಡೆಗೆ ಬಂದಿದೆ. "ಮೇಸ್ತ್ರಿಗಳೇ, ಎರಡೂ ಎಡಗೈ ತೋಳು ಮಾಡಿದ್ದೀರಲ್ಲ" ಅಂದೆ. ಅವರು ಒಂದರ ಪಕ್ಕ ಒಂದು ಇಟ್ಟು ನೋಡಿ, ಬೀಡಿ ಪಕ್ಕಕ್ಕಿಟ್ಟು, ಹೊಟ್ಟೆ ತುಂಬಾ ನಕ್ಕರು. ನಾನು ಹೊಸದಾಗಿ ಹೊಲಿಗೆ ಕಲೀವಾಗ ಅಮ್ಮನ ಒಂದು ರೇಷ್ಮೆ ರವಿಕೆ ಹಿಂಗೇ ಹಾಳು ಮಾಡಿದ್ದೆ. ಕಬ್ಬಿಣಕ್ಕೆ ಒಂದು ಅನುಕೂಲ, ಬಿಡಿಸಿ ಮತ್ತೆ ಬೆಸೀಬಹುದು.

ಬಂಪರಿನ ಮೈಗೆ ಪೈಪೋ, ಚಾನೆಲ್ಲೋ ಅನ್ನೋ ಜಗಳ ಒಂದು ದಿನ ನಡೀತು. ಮಗನಿಗೆ ದುಂಡನೆ ಪೈಪು ಇಷ್ಟ. ನಮ್ಮ ಮಳೆಗೆ ಪೈಪಿನೊಳಗೆ ನೀರು ನಿಂತ್ರೆ ಒಳಗಿಂದಲೇ ತಿಂದು ಹಾಕ್ತದೆ, ಹೊರಗೆ ಬಣ್ಣ ಮಿರಮಿರ ಅಂತಿರ್ತದೆ. ಒಂದು ಸಲ ಅದರ ರುಚಿ ನೋಡಿ ಆಗಿತ್ತಲ್ಲ. ನಾಲ್ಕು ಇಂಚಿನ ಸಿ ಚಾನೆಲ್ ಅಂತ ಆಯ್ತು, ತೆರೆದ ಬಾಯಿ ಜೀಪಿನ ಕಡೆಗೆ. ಕೈ ಹಾಕಿ ಮಣ್ಣು ತೆಗೀಬಹುದು, ಪೈಪ್ ಬಿಟ್ಟು ತೊಳೀಬಹುದು. ಕೆಳಗೆ ನೀರು ಇಳಿಯೋಕೆ ನಾಲ್ಕು ತೂತು. ಪಾತ್ರೆ ಬೋರಲು ಹಾಕೋ ಬುದ್ಧಿ ಅಷ್ಟೇ ಇದು. ಉದ್ದ 54 ಇಂಚು. ಚಾನೆಲ್ ಒಂದೇ ಹದಿಮೂರು ಕೆ.ಜಿ. ಬಂತು.

ಕಬ್ಬಿಣ ಕೂರಿಸೋಕೆ ಮುಂಚೆ ನಮ್ಮನೆಯವ್ರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸ್ತು. ಅದೇ ಉದ್ದದ, ಅದೇ ದಪ್ಪದ ಒಂದು ಮರದ ತುಂಡನ್ನ ಬಂಪರ್ ಬರೋ ಜಾಗಕ್ಕೆ ತಂತಿಯಲ್ಲಿ ಕಟ್ಟಿ, ಜೀಪನ್ನ ಹಳ್ಳಕ್ಕೆ ಇಳಿಸಿ ಏರು ಹತ್ತಿಸಿದ್ರು. ಮುಂದಿನ ಚಕ್ರ ಏರಿಗೆ ಬಿದ್ದ ಕೂಡಲೇ ಬಾಲ ತಗ್ಗಿ ಮರದ ತುಂಡು ನೆಲಕ್ಕೆ ಉಜ್ಜಿ ಪಟ್ ಅಂತ ಮುರೀತು. ಕಬ್ಬಿಣ ಆಗಿದ್ರೆ ನೇಗಿಲು ಆಗ್ತಿತ್ತು, ಜೀಪು ಅಲ್ಲೇ ನೆಟ್ಕೊಳ್ಳೋದು. ಎರಡು ಇಂಚು ಮೇಲಕ್ಕೆ ಕಟ್ಟಿ, ಎರಡೂ ತುದಿನ ಕೆಳಗಿಂದ ಓರೆಯಾಗಿ ಕೊಯ್ದು ಮತ್ತೆ ಹೋದ್ರು. ದಾಟ್ತು. ಆ ಎರಡು ಇಂಚಿಗೆ ಒಂದು ರೀಪರ್ ಖರ್ಚು.

ಆದರೆ ಎರಡು ಇಂಚು ಮೇಲೆ ಹೋದ್ರೆ ಅತ್ತೆ ಮೆಟ್ಟಿಲು? ಅವರ ಮಂಡಿ ಅಷ್ಟು ಎತ್ತರಕ್ಕೆ ಬರಲ್ಲ. ಮಗ, "ಅಜ್ಜಿಗೆ ಒಂದು ಸ್ಟೂಲ್ ಇಟ್ಕೊಂಡ್ರೆ ಆಯ್ತಲ್ಲಮ್ಮ" ಅಂದ. ಆ ರಾತ್ರಿ ಮಳೆಯಲ್ಲಿ ಸ್ಟೂಲ್ ಹುಡುಕ್ತಾ ಇದ್ವಾ ನಾವು? ಅದೂ ಇದೂ ಯೋಚನೆ ಮಾಡಿ ಮೇಸ್ತ್ರಿ ಒಂದು ದಾರಿ ಹುಡುಕಿದ್ರು. ಬಂಪರ್ ಮೇಲ್ಭಾಗಕ್ಕೆ ಜಾರದಂಗೆ ಚೆಕರ್ ಪ್ಲೇಟು, ಅದರ ಕೆಳಗೆ ಎಡಗಡೆ ಕೊಂಡಿಯಲ್ಲಿ ತೂಗೋ ಒಂದು ಸಣ್ಣ ಮೆಟ್ಟಿಲು. ಬೇಡದಾಗ ಮೇಲಕ್ಕೆ ಮಡಿಚಿ ಪಿನ್ನು ಹಾಕೋದು, ಬೇಕಾದಾಗ ಇಳಿಸೋದು. ಅಕಸ್ಮಾತ್ ಇಳಿಸಿಟ್ಟೇ ಹೊರಟ್ರೂ ಕಲ್ಲು ತಾಗಿದ್ರೆ ಹಿಂದಕ್ಕೆ ತೂಗ್ತದೆ, ಮುರಿಯಲ್ಲ. ಹಿಡ್ಕೊಳ್ಳೋಕೆ ಮೇಲೆ ಒಂದು ಹಿಡಿ. ಹಿಡಿಯ ಎತ್ತರದ ಅಳತೆ ಕೊಟ್ಟಿದ್ದು ಅತ್ತೆನೇ. ಜಗಲಿ ಕಂಬಕ್ಕೆ ಕೈ ಇಟ್ಟು, "ಇಲ್ಲಿಗೆ ಬರ್ಲಿ" ಅಂದ್ರು. ನಾನು ಕಂಬಕ್ಕೆ ಇದ್ದಿಲಲ್ಲಿ ಗುರುತು ಹಾಕ್ದೆ. ಆ ಗುರುತು ಈಗಲೂ ಇದೆ.

ಬೆಸುಗೆ ದಿನ ಇನ್ನೊಂದು ರಗಳೆ. ರಾಡಿನ ಪೊಟ್ಟಣ ಹೋದ ಮಳೆಗಾಲದ್ದು, ಮೆತ್ತಗಾದ ಹಪ್ಪಳದಂಗೆ ತೇವ ಹೀರಿತ್ತು. ಬೆಂಕಿ ಸಿಡೀತಿತ್ತು, ಬೆಸುಗೆ ಮೇಲೆ ಸಣ್ಣ ಸಣ್ಣ ತೂತು ಬೀಳ್ತಿತ್ತು. ಮೇಲಿನ ಕರೀ ಪದರ ಸುತ್ತಿಗೆಯಲ್ಲಿ ತಟ್ಟಿ ತೆಗೆದು ನೋಡಿದ್ರೆ ಸೆಟ್ ದೋಸೆ! ಮೇಸ್ತ್ರಿಗೇ ಅಸಮಾಧಾನ ಆಗಿ, ಉಜ್ಜಿ ತೆಗೆದು, ಹೊಸ ಪೊಟ್ಟಣ ತರಿಸಿ, ತಗಡಿನ ಡಬ್ಬದಲ್ಲಿ ಬೆಚ್ಚಗೆ ಮಾಡಿ ಶುರು ಮಾಡಿದ್ರು. ಜೀಪಿನ ಬ್ಯಾಟರಿ ತಂತಿ ಮೊದಲೇ ಬಿಚ್ಚಿಟ್ಟಿದ್ರು. ಹುಕ್ಕಿನ ಪ್ಲೇಟು 16 ಎಂ.ಎಂ. ಅದನ್ನ ಚಾನೆಲ್ಲಿನ ಮುಖಕ್ಕೆ ಅಂಟಿಸಿಲ್ಲ. ಚಾನೆಲ್ ಸೀಳಿ, ಪ್ಲೇಟನ್ನ ಒಳಗೆ ತೂರಿಸಿ, ತೋಳಿಗೆ ಸೇರಿಸಿ, ಆ ಕಡೆ ಈ ಕಡೆ ಎರಡೂ ಕಡೆ ಬೆಸುಗೆ. ಎರಡು ಹುಕ್ಕು, ಒಂದೊಂದೂ ಒಂದೊಂದು ತೊಲೆಯ ನೇರಕ್ಕೆ. ಅದಕ್ಕೆ ಹಾಕೋ ಡಿ ಶ್ಯಾಕಲ್ ಮೇಲೆ 4.75 ಟನ್ ಅಂತ ಅಚ್ಚು ಹಾಕಿದೆ, ಖಾಲಿ ಜೀಪಿನ ತೂಕದ ಮೂರು ಪಟ್ಟಿಗೂ ಮೇಲೆ. ಅಷ್ಟೊಂದು ಯಾಕೆ ಅಂತ ಈ ಸಲ ನಾನು ಕೇಳಲಿಲ್ಲ. ಕೆಸರಲ್ಲಿ ಹೂತ ಗಾಡಿ ತನ್ನ ತೂಕಕ್ಕಿಂತ ಜಾಸ್ತಿ ಜಗ್ಗಾಡ್ತದೆ, ಕಣ್ಣಾರೆ ನೋಡೀನಿ.

ರೆಡ್ ಆಕ್ಸೈಡ್ ಎರಡು ಕೋಟು, ಕಪ್ಪು ಎರಡು ಕೋಟು. ಹಾಕೋ ಮುಂಚೆ ಕಾಫಿ ತೂಗೋ ತಕ್ಕಡಿಯಲ್ಲಿ ತೂಗಿದ್ವಿ. ಮೆಟ್ಟಿಲು ಸೇರಿ 34 ಕೆ.ಜಿ. ಮಗನ ಚಿತ್ರದ ಬಂಪರಿನ ಅರ್ಧಕ್ಕಿಂತ ಸ್ವಲ್ಪ ಮೇಲೆ. ಚಾಸಿ ಪಟ್ಟಿ ಸೇರಿ ಒಟ್ಟು ಹದಿನೇಳು ಸಾವಿರದ ನಾನೂರು ಆಯ್ತು. ಮೆಣಸಿನ ದುಡ್ಡಲ್ಲಿ ಧರ್ಮಸ್ಥಳಕ್ಕೆ ಹೋಗೋದು ಅಂತಿತ್ತು, ಮಂಜುನಾಥಸ್ವಾಮಿ ಒಂದು ವರ್ಷ ಕಾಯ್ತಾನೆ.

ಬೋಲ್ಟು ಬಿಗಿ ಮಾಡಿದ ಮೇಲೆ 19ರ ಸ್ಪ್ಯಾನರ್ ಒಂದನ್ನ ಜೀಪಿನ ಸೀಟಿನ ಕೆಳಗೇ ಇಟ್ಟಿದ್ದೀವಿ. ಮೊದಲ ತಿಂಗಳು ವಾರಕ್ಕೊಂದು ಸಲ ತಿರುಗಿಸಿ ನೋಡಿದ್ರು. ಎರಡು ಬೋಲ್ಟು ಅರ್ಧ ಸುತ್ತು ಬಂತು, ಆಮೇಲೆ ಬರಲಿಲ್ಲ. ತೋಟದಲ್ಲಿ ಬಿದ್ದಿದ್ದ ಒಂದು ಸಿಲ್ವರ್ ಮರದ ದಿಮ್ಮಿ ಕಟ್ಟಿ ಎಳೆದು ಪರೀಕ್ಷೆನೂ ಮಾಡಿದ್ರು. ದಿಮ್ಮಿ ಬಂತು, ಹುಕ್ಕು ಅಲ್ಲೇ ಇತ್ತು. ಎಡಗಡೆ ಮೂಲೆಯಲ್ಲಿ ಮಾತ್ರ ಬಣ್ಣ ಬಿಟ್ಟು ಒಂದು ಗೆರೆ ತುಕ್ಕು ಇಳೀತಿದೆ. ಹೋದ ವಾರ ಉಜ್ಜಿ ಮತ್ತೆ ಬಳಿದೆ. ಮೆಟ್ಟಿಲಿನ ಪಿನ್ನು ಗಲಗಲ ಅಂತದೆ, ಅದಕ್ಕೆ ಹಳೇ ಟ್ಯೂಬಿನ ರಬ್ಬರ್ ಸುತ್ತಿದ್ದೀನಿ.

ಹಗ್ಗದ ವಿಷಯ ಒಂದು ಹೇಳ್ಬೇಕು, ಇದು ಎಲ್ಲ ಮನೆಗೂ ಬೇಕಾಗೋದು. ನೈಲಾನ್ ಹಗ್ಗ ರಬ್ಬರಿನಂಗೆ ಹಿಗ್ಗಿ ಶಕ್ತಿ ತುಂಬ್ಕೊಳ್ತದೆ. ಒಂದು ಕಡೆ ಬಿಟ್ಟುಕೊಂಡ್ರೆ ಅಷ್ಟೂ ಶಕ್ತಿ ಕಿತ್ತು ಬಂದ ಕಬ್ಬಿಣಕ್ಕೆ ಹೋಗ್ತದೆ. ಹಗ್ಗ ಬಿಗಿಯೋ ಮುಂಚೆ ಅದರ ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸಿದ್ರೆ, ಕಿತ್ತರೂ ಆ ಭಾರಕ್ಕೆ ಹಗ್ಗ ನೆಲದ ಕಡೆಗೇ ಬೀಳ್ತದೆ. ಹಗ್ಗ ಎಷ್ಟು ಉದ್ದ ಇದೆಯೋ ಅಷ್ಟು ದೂರದೊಳಗೆ ಯಾರೂ ನಿಲ್ಲಬಾರದು, ಟಾರ್ಚ್ ಹಿಡಿದೋಳೂ ಸೇರಿ. ಜೀಪಿನಲ್ಲಿ ಈಗ ಒಂದು ಗೋಣಿಚೀಲ ಯಾವಾಗ್ಲೂ ಇರ್ತದೆ. ಅದನ್ನ ಮೆಣಸಿಗೆ, ಕಾಫಿಗೆ ಮುಟ್ಟಬಾರದು ಅಂತ ಆಳುಗಳಿಗೆಲ್ಲ ಹೇಳಿಟ್ಟಿದ್ದೀನಿ.

ಈ ಸಲ ಮೇ ಕೊನೆ ಬರೋ ಮೊದಲೇ ಮಳೆ ಹಿಡ್ಕೊಂಡ್ತಲ್ಲ. ಜೂನ್ ಎರಡನೇ ವಾರ ಅತ್ತೆನ ಹಾಸನಕ್ಕೆ ತೋರಿಸೋಕೆ ಕರ್ಕೊಂಡು ಹೋಗ್ಬೇಕಿತ್ತು. ಮಳೆ ಸಣ್ಣಗೆ ಬರ್ತಿತ್ತು. ನಮ್ಮನೆಯವ್ರು ಮೆಟ್ಟಿಲು ಇಳಿಸಿ, ಕೈ ಕೊಡೋಕೆ ಹೋದ್ರು. ಅತ್ತೆ, "ನೀ ಸರಿ ಆಚೆ" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಡಿ ಹಿಡ್ಕೊಂಡು ಒಂದು ಕಾಲಿಟ್ರು. ನಿಂತ್ರು. ಉಸಿರು ತಗೊಂಡು ಇನ್ನೊಂದು ಕಾಲಿಟ್ರು. ಬಹಳ ಹೊತ್ತು ಹಿಡೀತು. ಒಳಗೆ ಕೂತ ಮೇಲೆ, "ಮೆಟ್ಲು ಇನ್ನೊಂದು ಬೆರಳು ಕೆಳಗಿರಬೇಕಿತ್ತು" ಅಂದ್ರು.

ಅವತ್ತು ಏರಿನಲ್ಲಿ ಜೀಪು ಜಾರ್ತು. ಸ್ವಲ್ಪನೇ, ಆದ್ರೂ ಎಳೀಲೇಬೇಕಾಯ್ತು. ಅದೇ ಹುಡುಗ, ಅದೇ ಟ್ರ್ಯಾಕ್ಟರ್. ಮಡ್‌ಗಾರ್ಡಿನ ನೆಗ್ಗು ಅವನು ರಿಪೇರಿ ಮಾಡಿಸಿಲ್ಲ. ನಾವು ದುಡ್ಡು ಕೊಡ್ತೀವಿ ಅಂದ್ರೂ ಬೇಡ ಅಂದಿದ್ದ. ಹಗ್ಗ ಕಟ್ಟೋ ಮುಂಚೆ ಅವನು ಬಗ್ಗಿ, ಮೊಬೈಲ್ ಲೈಟ್ ಹಾಕಿ, ಹುಕ್ಕನ್ನ, ತೋಳನ್ನ, ಬೋಲ್ಟುಗಳನ್ನ ಒಂದೊಂದಾಗಿ ನೋಡ್ದ. ಕೈಯಲ್ಲಿ ಜಗ್ಗಿ ನೋಡ್ದ. ನಮ್ಮನೆಯವ್ರು ಏನೋ ಹೇಳೋಕೆ ಹೋದ್ರು, ನಾನು ಸುಮ್ನಿರಿ ಅಂತ ಸನ್ನೆ ಮಾಡ್ದೆ. ಅವನಿಗೆ ನೋಡೋ ಹಕ್ಕಿದೆ.

ಅವನು ಎದ್ದು, "ಚೀಲ ಕೊಡಿ ಅಕ್ಕ" ಅಂದ. ಹಳ್ಳದಲ್ಲಿ ಅದ್ದಿ ಕೊಟ್ಟೆ.